ಸೀಟು ಖಾಲಿ, ಲೆಕ್ಕದಲ್ಲಿ ಹತ್ತು ಸಾವಿರ: ಕಾಲೇಜು ಬೇಸ್‌ಬಾಲ್‌ಗೆ ಎಷ್ಟು ಜನ ಬರುತ್ತಾರೆಂದು ಮೊದಲೇ ಹೇಳುವುದು ಹೇಗೆ?

ಫೆಬ್ರವರಿಯ ಚಳಿಯಲ್ಲಿ, ವಾರದ ಮಧ್ಯೆ ನಡೆಯುವ ಅಮೆರಿಕದ ಕಾಲೇಜು ಬೇಸ್‌ಬಾಲ್ ಪಂದ್ಯ ನೋಡಿದವರಿಗೆ ಒಂದು ಗೊಂದಲ ಕಾಡುತ್ತದೆ. ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯು, ತನ್ನ ತವರು ಮೈದಾನದಲ್ಲಿ ಆಡುತ್ತಿರುತ್ತದೆ. ಕ್ಯಾಮೆರಾ ತಿರುಗಿದಾಗ ಸಾಲುಸಾಲು ಸೀಟು ಖಾಲಿ ಕಾಣುತ್ತವೆ. ಪಂದ್ಯ ಮುಗಿದ ಮೇಲೆ ಅಧಿಕೃತ ವರದಿ ಬರುತ್ತದೆ: ಪ್ರೇಕ್ಷಕರು ಹತ್ತು ಸಾವಿರದ ಆಸುಪಾಸು. ಸ್ಟೇಡಿಯಂನ ಸಾಮರ್ಥ್ಯವೇ 10,326. ಹಾಗಾದರೆ ಆ ಜನ ಎಲ್ಲಿದ್ದರು?

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹೇಳಿದ ಸಂಖ್ಯೆ ಬೇರೆ ಯಾವುದನ್ನೋ ಎಣಿಸುತ್ತದೆ, ಅಷ್ಟೇ. ಈ ಸೀಸನ್‌ಗೆ ಸರಾಸರಿ ಎಷ್ಟು ಜನ ಬರಬಹುದು ಎಂದು ಅಂದಾಜು ಮಾಡಹೊರಟವರು ಎಡವುವುದೂ ಇಲ್ಲೇ. 2025ರ ಜೂನ್‌ನಿಂದ ಅಮೆರಿಕದ ಕಾಲೇಜು ಕ್ರೀಡೆಯ ಹಣಕಾಸು ಬುಡಸಮೇತ ಬದಲಾಗಿದೆ. ಟಿಕೆಟ್ ಲೆಕ್ಕಕ್ಕೆ ಹಿಂದೆಂದೂ ಇಲ್ಲದ ತೂಕ ಬಂದಿದೆ. ಹಾಗಾಗಿ ಈ ಅಂದಾಜನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದೇ ಹೆಸರು, ಎರಡು ಲೆಕ್ಕ

ಮೊದಲನೆಯದು ಮಾರಾಟವಾದ ಟಿಕೆಟ್‌ಗಳ ಲೆಕ್ಕ. ಎರಡನೆಯದು ಗೇಟಿನಲ್ಲಿ ಸ್ಕ್ಯಾನ್ ಆಗಿ ಒಳಗೆ ಬಂದವರ ಲೆಕ್ಕ. ಎಲ್‌ಎಸ್‌ಯು ಪ್ರಕಟಿಸುವುದು ಮೊದಲನೆಯದನ್ನು.

ಬಸ್ ಪಾಸ್ ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಮಾರ್ಗದಲ್ಲಿ ಸಾವಿರ ಜನ ತಿಂಗಳ ಪಾಸ್ ತೆಗೆದುಕೊಂಡಿದ್ದಾರೆ ಎಂದರೆ ಪ್ರತಿದಿನ ಸಾವಿರ ಜನ ಬಸ್ ಹತ್ತುತ್ತಾರೆ ಎಂದಲ್ಲ. ಸೀಸನ್ ಟಿಕೆಟ್ಟೂ ಹಾಗೇ. ಅದನ್ನು ಕೊಂಡವರ ಹೆಸರಿನಲ್ಲಿ ಪ್ರತಿ ಪಂದ್ಯಕ್ಕೂ ಒಂದು ಸೀಟು ಮಾರಾಟವಾಗಿಯೇ ಇರುತ್ತದೆ. ಅವರು ಮನೆಯಲ್ಲೇ ಕುಳಿತರೂ ಮಾರಾಟದ ಲೆಕ್ಕದಲ್ಲಿ ಇರುತ್ತಾರೆ.

ಇದರ ಪರಿಣಾಮ ದೊಡ್ಡದು. ಮಾರಾಟದ ಸಂಖ್ಯೆಯ ಬಹುಪಾಲು ಮೊದಲ ಚೆಂಡು ಎಸೆಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಮಳೆ, ಚಳಿ, ಸೋಲು, ಎದುರಾಳಿ ಯಾರು ಎನ್ನುವುದು ಅದನ್ನು ಹೆಚ್ಚು ಅಲುಗಾಡಿಸುವುದಿಲ್ಲ. ಒಳಗೆ ಬಂದವರ ಸಂಖ್ಯೆಯನ್ನು ಇವೇ ಸಂಗತಿಗಳು ಅರ್ಧಕ್ಕೆ ಇಳಿಸಬಹುದು. ಒಂದನ್ನು ಅಂದಾಜಿಸುವುದು ಸುಲಭ, ಇನ್ನೊಂದು ಕಷ್ಟ. ಎರಡನ್ನೂ ‘ಪ್ರೇಕ್ಷಕರು’ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ.

ಇಷ್ಟೊಂದು ಜನ ಬರುವುದಾದರೂ ಯಾಕೆ?

ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಬೇಸ್‌ಬಾಲ್ ಪಂದ್ಯಕ್ಕೆ ಕೆಲವು ನೂರು ಜನ ಬಂದರೆ ಅದೇ ಜಾಸ್ತಿ. ಸಾವಿರಗಟ್ಟಲೆ ಜನ ಸೇರುವುದು ಮುಖ್ಯವಾಗಿ ದಕ್ಷಿಣದ ರಾಜ್ಯಗಳಲ್ಲಿ. ಅಲ್ಲಿನ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ (ಎಸ್‌ಇಸಿ) ಎಂಬ 16 ವಿಶ್ವವಿದ್ಯಾಲಯಗಳ ಕೂಟ ಈ ಆಟದ ದೊಡ್ಡ ಕೇಂದ್ರ. ಹವಾಮಾನ ಅದಕ್ಕೆ ಒಂದು ಕಾರಣ. ಸೀಸನ್ ಫೆಬ್ರವರಿ ಮಧ್ಯದಲ್ಲಿ ಶುರುವಾಗುತ್ತದೆ. ಆಗ ಉತ್ತರದ ರಾಜ್ಯಗಳಲ್ಲಿ ಹಿಮ ಕರಗಿರುವುದಿಲ್ಲ. ಅಲ್ಲಿನ ತಂಡಗಳು ಮೊದಲ ಕೆಲವು ವಾರ ದಕ್ಷಿಣಕ್ಕೆ ಬಂದು ಬೇರೆಯವರ ಮೈದಾನದಲ್ಲಿ ಆಡುತ್ತವೆ. ದಕ್ಷಿಣದ ತಂಡಗಳಿಗೆ ಇದರಿಂದ ತವರಿನ ಪಂದ್ಯಗಳು ಹೆಚ್ಚು ಸಿಗುತ್ತವೆ.

ಎರಡನೆಯ ಕಾರಣ ಊರಿನ ಅಭ್ಯಾಸ. ಎಲ್‌ಎಸ್‌ಯು ಇರುವ ಬ್ಯಾಟನ್ ರೂಜ್‌ನಲ್ಲಿ 1984ರಿಂದ 2001ರವರೆಗೆ ಸ್ಕಿಪ್ ಬರ್ಟ್‌ಮನ್ ಕೋಚ್ ಆಗಿದ್ದರು. ಆ ಅವಧಿಯಲ್ಲಿ ತಂಡ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 1990ರ ದಶಕದ ಮಧ್ಯದಿಂದ ಎಲ್‌ಎಸ್‌ಯು ಒಟ್ಟು ಪ್ರೇಕ್ಷಕರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ನಿಂತಿತು. 2009ರಲ್ಲಿ ಹೊಸ ಅಲೆಕ್ಸ್ ಬಾಕ್ಸ್ ಸ್ಟೇಡಿಯಂ ತೆರೆಯಿತು. ಅದೇ ವರ್ಷ ಇನ್ನೊಂದು ಪ್ರಶಸ್ತಿಯೂ ಬಂತು.

ಮಿಸಿಸಿಪ್ಪಿ ಸ್ಟೇಟ್‌ನ ಕತೆ ಇನ್ನೂ ಸೋಜಿಗದ್ದು. ಅದು ಇರುವ ಸ್ಟಾರ್ಕ್‌ವಿಲ್ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ ಸುಮಾರು 24,000. ಅಲ್ಲಿನ ಡ್ಯೂಡಿ ನೋಬಲ್ ಫೀಲ್ಡ್‌ನಲ್ಲಿ 2023ರ ಏಪ್ರಿಲ್ 15ರಂದು ದಾಖಲಾದ ಪ್ರೇಕ್ಷಕರ ಸಂಖ್ಯೆ 16,423. ಕ್ಯಾಂಪಸ್ ಮೈದಾನದಲ್ಲಿ ನಡೆದ ಕಾಲೇಜು ಬೇಸ್‌ಬಾಲ್ ಪಂದ್ಯವೊಂದಕ್ಕೆ ಅಲ್ಲಿಯತನಕ ಅಷ್ಟು ಜನ ಸೇರಿರಲಿಲ್ಲ. ಎದುರಾಳಿ ಅದೇ ರಾಜ್ಯದ ಓಲ್ ಮಿಸ್, ಅಂದರೆ ಮಿಸಿಸಿಪ್ಪಿ ವಿಶ್ವವಿದ್ಯಾಲಯ. ಹಿಂದಿನ ದಾಖಲೆ 2014ರ 15,586. ಅದೂ ಇದೇ ಮೈದಾನದಲ್ಲಿ, ಇದೇ ಎದುರಾಳಿಯ ವಿರುದ್ಧ.

ಆ ಮೈದಾನದ ಎಡಬದಿಯ ಬೇಲಿಯಾಚೆ ಅಭಿಮಾನಿಗಳು ದಶಕಗಳ ಹಿಂದೆ ಟ್ರಕ್ ನಿಲ್ಲಿಸಿಕೊಂಡು, ಒಲೆ ಹಚ್ಚಿ ಮಾಂಸ ಸುಡುತ್ತಾ ಆಟ ನೋಡುತ್ತಿದ್ದರು. ‘ಲೆಫ್ಟ್ ಫೀಲ್ಡ್ ಲೌಂಜ್’ ಎಂಬ ಆ ಜಾಗಕ್ಕೆ ಈಗ ಶಾಶ್ವತ ಕಟ್ಟೆಗಳಿವೆ. ಅಲ್ಲಿನ ಜಾಗ ಬಿಟ್ಟುಕೊಡಲು ಯಾರೂ ಸುಮ್ನೆ ಒಪ್ಪುವುದಿಲ್ಲ. ತಂಡ ಸೋತರೂ ಆ ಜನ ಬರುತ್ತಾರೆ.

ಗೆಲುವಿನ ಫಲ ಮುಂದಿನ ವರ್ಷ ಕೈಗೆ ಬರುತ್ತದೆ

‘ತಂಡ ಗೆದ್ದರೆ ಜನ ಬರುತ್ತಾರೆ’ ಎನ್ನುವುದು ಎಲ್ಲರೂ ಹೇಳುವ ಮಾತು. ಸುಳ್ಳಲ್ಲ, ಆದರೆ ಅದರಲ್ಲಿ ಒಂದು ವರ್ಷದ ಅಂತರ ಇದೆ.

ಮಿಸಿಸಿಪ್ಪಿ ಸ್ಟೇಟ್ 2021ರಲ್ಲಿ ವ್ಯಾಂಡರ್‌ಬಿಲ್ಟ್ ತಂಡವನ್ನು ಸೋಲಿಸಿ ತನ್ನ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮರುವರ್ಷ ತಂಡ ಕುಸಿಯಿತು. 2022ರಲ್ಲೂ 2023ರಲ್ಲೂ ರಾಷ್ಟ್ರೀಯ ಟೂರ್ನಿಗೆ ಅರ್ಹತೆಯೇ ಸಿಗಲಿಲ್ಲ. ಆದರೂ 16,423ರ ದಾಖಲೆ ಬಂದದ್ದು ಇದೇ 2023ರಲ್ಲಿ. ಆ ವರ್ಷದ ಗೆಲುವು-ಸೋಲಿನ ಪಟ್ಟಿಯನ್ನೇ ಮುಂದಿಟ್ಟುಕೊಂಡು ಲೆಕ್ಕ ಹಾಕಿದವರಿಗೆ ಈ ದಿನ ಊಹೆಗೂ ಸಿಗುತ್ತಿರಲಿಲ್ಲ.

ಕಾರಣ ಬಿಡಿಸಿ ಹೇಳಿದರೆ ಹೀಗಿದೆ. ಪ್ರಶಸ್ತಿ ಬಂದ ಮೇಲೆ ಸೀಸನ್ ಟಿಕೆಟ್ ಕೊಳ್ಳುವವರು ಹೆಚ್ಚುತ್ತಾರೆ. ಒಮ್ಮೆ ಒಳ್ಳೆಯ ಸೀಟು ಸಿಕ್ಕರೆ ಮರುವರ್ಷ ಬಿಡುವುದಿಲ್ಲ, ಯಾಕೆಂದರೆ ಬಿಟ್ಟರೆ ಮತ್ತೆ ಸಿಗುವ ಖಾತ್ರಿ ಇಲ್ಲ. ದೊಡ್ಡ ತಂಡಗಳಲ್ಲಿ ಒಳ್ಳೆಯ ಸೀಟಿಗೆ ಟಿಕೆಟ್ ದರದ ಜೊತೆ ದೇಣಿಗೆಯನ್ನೂ ಕೊಡಬೇಕಾಗುತ್ತದೆ. ಅಷ್ಟು ದುಡ್ಡು ಹಾಕಿದವರು ಒಂದು ಕೆಟ್ಟ ಸೀಸನ್ ನೋಡಿ ಓಡಿಹೋಗುವುದಿಲ್ಲ. ಹಾಗಾಗಿ ಸೋಲಿನ ಪೆಟ್ಟು ಮಾರಾಟದ ಲೆಕ್ಕಕ್ಕೆ ತಡವಾಗಿ, ನಿಧಾನವಾಗಿ ತಟ್ಟುತ್ತದೆ.

ಟೆಕ್ಸಸ್ ಎ ಅಂಡ್ ಎಂ ತಂಡದ 2025ರ ಸೀಸನ್ ಇನ್ನೊಂದು ಪಾಠ. 2024ರ ಫೈನಲ್‌ನಲ್ಲಿ ಟೆನ್ನೆಸ್ಸಿಗೆ ಸೋತ ಮರುದಿನವೇ ಅವರ ಕೋಚ್ ಜಿಮ್ ಶ್ಲೋಸ್‌ನೇಗಲ್ ಬದ್ಧ ಎದುರಾಳಿ ಟೆಕ್ಸಸ್‌ಗೆ ಹೊರಟರು. ಆದರೂ ಮುಂದಿನ ಸೀಸನ್ ಶುರುವಾಗುವ ಮೊದಲು ತಂಡಕ್ಕೆ ಒಂದನೇ ರ‍್ಯಾಂಕ್ ಸಿಕ್ಕಿತು. ಕೊನೆಗೆ ನೋಡಿದರೆ 64 ತಂಡಗಳ ರಾಷ್ಟ್ರೀಯ ಟೂರ್ನಿಗೂ ಜಾಗ ಇಲ್ಲ. ಸೀಸನ್‌ಗೆ ಮೊದಲಿನ ರ‍್ಯಾಂಕ್ ತಂಡದ ಗೆಲುವನ್ನು ಸರಿಯಾಗಿ ಹೇಳಲಿಲ್ಲ. ಆದರೆ ಅದು ಟಿಕೆಟ್ ಕೊಳ್ಳುವವರ ಉತ್ಸಾಹವನ್ನು ಅಳೆಯುತ್ತದೆ, ಯಾಕೆಂದರೆ ಟಿಕೆಟ್ ಮಾರಾಟವಾಗುವುದು ಆ ರ‍್ಯಾಂಕ್ ಗಾಳಿಯಲ್ಲಿರುವಾಗಲೇ. ಅಂದಾಜು ಮಾಡುವವರಿಗೆ ಇದು ಬಹಳ ಉಪಯೋಗದ ಮಾತು.

ಆಟಗಾರರ ವಿಷಯ ಮಾತ್ರ ಬೇರೆ. 2023ರಲ್ಲಿ ಎಲ್‌ಎಸ್‌ಯು ಪರ ಪಾಲ್ ಸ್ಕೀನ್ಸ್ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದರು, ಅಂದರೆ ತಾವೇ ಎಸೆದ ಚೆಂಡುಗಳಿಂದ ಔಟ್ ಮಾಡಿದರು. ತಂಡದ ಅತ್ಯುತ್ತಮ ಪಿಚರ್ (ಚೆಂಡು ಎಸೆಯುವವನು) ಸಾಮಾನ್ಯವಾಗಿ ವಾರಾಂತ್ಯದ ಮೊದಲ ಪಂದ್ಯ ಆಡುತ್ತಾನೆ. ಅಂಥವನಿದ್ದರೆ ಶುಕ್ರವಾರ ರಾತ್ರಿ ಟಿಕೆಟ್ ಇಟ್ಟುಕೊಂಡೂ ಮನೆಯಲ್ಲಿ ಕೂರುವವರು ಕಡಿಮೆ. ಮಾರಾಟದ ಲೆಕ್ಕ ಅಷ್ಟೇ ಇದ್ದರೂ ಗೇಟಿನ ಲೆಕ್ಕ ಏರುತ್ತದೆ.

ಎಷ್ಟು ಪಂದ್ಯ, ಯಾವ ದಿನ

ವೇಳಾಪಟ್ಟಿಯೇ ಅಂದಾಜಿನ ಅರ್ಧ ಕೆಲಸ ಮಾಡಿಕೊಡುತ್ತದೆ. ನಿಯಮದ ಪ್ರಕಾರ ಒಂದು ತಂಡ ಸೀಸನ್‌ನಲ್ಲಿ ಹೆಚ್ಚೆಂದರೆ 56 ಪಂದ್ಯ ಆಡಬಹುದು. ಎಸ್‌ಇಸಿಯಲ್ಲಿ ಅವುಗಳಲ್ಲಿ 30 ಕೂಟದ ಪಂದ್ಯಗಳು: ಹತ್ತು ವಾರಾಂತ್ಯ, ಪ್ರತಿ ವಾರಾಂತ್ಯಕ್ಕೆ ಮೂರು. ಐದು ವಾರಾಂತ್ಯ ತವರಿನಲ್ಲಿ. ಉಳಿದದ್ದು ಫೆಬ್ರವರಿ-ಮಾರ್ಚ್‌ನ ಆರಂಭದ ವಾರಾಂತ್ಯಗಳು ಮತ್ತು ವಾರದ ಮಧ್ಯದ, ಸಾಮಾನ್ಯವಾಗಿ ಮಂಗಳವಾರದ, ಪಂದ್ಯಗಳು. ಈ ಮೂರು ಬಗೆಯ ಪಂದ್ಯಗಳಿಗೆ ಬರುವ ಜನರಲ್ಲಿ ಎಷ್ಟು ವ್ಯತ್ಯಾಸ ಎಂದರೆ, ಇವನ್ನು ಒಟ್ಟು ಸೇರಿಸಿ ಸರಾಸರಿ ಹೇಳುವುದೇ ದಾರಿ ತಪ್ಪಿಸುತ್ತದೆ.

ಒಂದು ಕಾಲ್ಪನಿಕ ತಂಡ ಇಟ್ಟುಕೊಂಡು ಲೆಕ್ಕ ಮಾಡೋಣ. ತವರಿನಲ್ಲಿ 34 ಪಂದ್ಯ: ಕೂಟದವು 15, ಆರಂಭದ ವಾರಾಂತ್ಯದವು 10, ವಾರದ ಮಧ್ಯದವು 9. ಸೀಸನ್ ಟಿಕೆಟ್ 7,000. ಬಿಡಿ ಟಿಕೆಟ್ ಕೂಟದ ಪಂದ್ಯಕ್ಕೆ 3,500, ಆರಂಭದ ವಾರಾಂತ್ಯಕ್ಕೆ 1,500, ವಾರದ ಮಧ್ಯಕ್ಕೆ 500 ಮಾರಾಟವಾಗುತ್ತವೆ ಎಂದುಕೊಳ್ಳಿ. ಆಗ ಒಟ್ಟು ಮಾರಾಟ 3,10,000. ಸರಾಸರಿ ಸುಮಾರು 9,118.

ಈಗ ಗೇಟಿನ ಕಡೆ ಹೋಗೋಣ. ಕೂಟದ ಪಂದ್ಯಗಳಿಗೆ ಟಿಕೆಟ್ ಇದ್ದವರಲ್ಲಿ ಶೇ 80, ಆರಂಭದ ವಾರಾಂತ್ಯಗಳಿಗೆ ಶೇ 60, ವಾರದ ಮಧ್ಯಕ್ಕೆ ಶೇ 40 ಜನ ಬಂದರೆ, ಒಟ್ಟು ಒಳಗೆ ಬಂದವರು 2,04,000. ಸರಾಸರಿ 6,000. ಅದೇ ತಂಡ, ಅದೇ ಸೀಸನ್, ಎರಡೂ ಸರಿಯಾದ ಉತ್ತರ. ನಡುವೆ ಮೂರು ಸಾವಿರ ಜನರ ಅಂತರ.

ಇದೇ ಲೆಕ್ಕದಲ್ಲಿ ಇನ್ನೊಂದು ವಿಚಿತ್ರ ಅಡಗಿದೆ. ಮಳೆಯಿಂದ ವಾರದ ಮಧ್ಯದ ಎರಡು ಪಂದ್ಯ ರದ್ದಾದವು ಎನ್ನಿ. ಒಟ್ಟು ಮಾರಾಟ 2,95,000ಕ್ಕೆ ಇಳಿಯುತ್ತದೆ. ಆದರೆ ಪಂದ್ಯಗಳು 32 ಆದ್ದರಿಂದ ಸರಾಸರಿ ಸುಮಾರು 9,219ಕ್ಕೆ ಏರುತ್ತದೆ! ಮಾರಾಟ ಕಡಿಮೆಯಾಯಿತು, ಸರಾಸರಿ ಹೆಚ್ಚಾಯಿತು. ಕಡಿಮೆ ಜನ ಬರುವ ಪಂದ್ಯಗಳು ಪಟ್ಟಿಯಿಂದ ಹೊರಗೆ ಹೋಗಿದ್ದೇ ಇದಕ್ಕೆ ಕಾರಣ. ಆದ್ದರಿಂದ ‘ಸರಾಸರಿ ಏರಿದೆ’ ಎಂಬ ಸುದ್ದಿ ಓದಿದಾಗ ಪಂದ್ಯಗಳ ಸಂಖ್ಯೆಯನ್ನೂ ನೋಡಬೇಕು.

ಪಂದ್ಯಗಳ ಸಂಖ್ಯೆಯೇ ತಲೆಕೆಳಗಾದ ಉದಾಹರಣೆಯೂ ಇದೆ. ಪಶ್ಚಿಮದ ರಾಜ್ಯಗಳ ಪ್ಯಾಕ್-12 ಕೂಟ ಒಡೆದ ಮೇಲೆ ಒರೆಗಾನ್ ಸ್ಟೇಟ್ ತಂಡ 2025ರಲ್ಲಿ ಯಾವ ಕೂಟಕ್ಕೂ ಸೇರದೆ ಆಡಿತು. ಊರೂರು ಸುತ್ತಿ ಆಡಿದ ತಂಡ ಕೊನೆಗೆ ರಾಷ್ಟ್ರೀಯ ಟೂರ್ನಿಯ ಅಂತಿಮ ಹಂತವಾದ, ಒಮಾಹಾದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸ್‌ಗೂ ತಲುಪಿತು. ಅಷ್ಟು ಒಳ್ಳೆಯ ತಂಡವೇ ಆದರೂ, ತವರಿನ ಒಟ್ಟು ಸಂಖ್ಯೆಯನ್ನು ಹಿಂದಿನ ವರ್ಷಗಳ ಜೊತೆ ನೇರವಾಗಿ ಹೋಲಿಸಿದರೆ ಅದಕ್ಕೆ ಅರ್ಥವಿಲ್ಲ.

ಕ್ಯಾಲೆಂಡರ್ ಕೂಡ ಮುಖ್ಯ. ಮಾರ್ಚ್ ಮಧ್ಯದ ರಜೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಲೂಸಿಯಾನಾದಲ್ಲಿ ಮಾರ್ಡಿ ಗ್ರಾ ಹಬ್ಬ ಸೀಸನ್‌ನ ಮೊದಲ ವಾರಗಳಲ್ಲೇ ಬರುವುದುಂಟು. ಈಸ್ಟರ್ ಬಂದರೆ ಸರಣಿ ಗುರುವಾರವೇ ಶುರುವಾಗಿ ಶನಿವಾರಕ್ಕೆ ಮುಗಿಯಬಹುದು. ಏಪ್ರಿಲ್‌ನಲ್ಲಿ ಫುಟ್‌ಬಾಲ್ ತಂಡದ ವಸಂತಕಾಲದ ಪ್ರದರ್ಶನ ಪಂದ್ಯ ಇದ್ದ ದಿನ ಹಳೆಯ ವಿದ್ಯಾರ್ಥಿಗಳು ದಂಡಿಯಾಗಿ ಬರುತ್ತಾರೆ. ಸ್ಟಾರ್ಕ್‌ವಿಲ್‌ನಲ್ಲಿ ‘ಸೂಪರ್ ಬುಲ್‌ಡಾಗ್ ವೀಕೆಂಡ್’ ಅಂಥದ್ದೇ ಜಾತ್ರೆ. ಆ ವಾರಾಂತ್ಯಕ್ಕೆ ಯಾವ ಎದುರಾಳಿ ಬೀಳುತ್ತದೆ ಎನ್ನುವುದು ಇಡೀ ವರ್ಷದ ಸರಾಸರಿಯನ್ನು ಎತ್ತಬಲ್ಲದು.

ಒಂದೇ ಒಂದು ದಿನ ಎಷ್ಟು ಎತ್ತಬಲ್ಲದು ಎನ್ನುವುದಕ್ಕೆ 2004ರ ಮಾರ್ಚ್ 11 ಸಾಕ್ಷಿ. ಸ್ಯಾನ್ ಡಿಯೇಗೋದ ಹೊಚ್ಚಹೊಸ ಪೆಟ್ಕೋ ಪಾರ್ಕ್‌ನಲ್ಲಿ ಸ್ಯಾನ್ ಡಿಯೇಗೋ ಸ್ಟೇಟ್ ಮತ್ತು ಹ್ಯೂಸ್ಟನ್ ಆಡಿದವು. ಬಂದವರು 40,106. ಸ್ಯಾನ್ ಡಿಯೇಗೋ ಸ್ಟೇಟ್‌ನ ಕೋಚ್ ಆ ಊರಿನ ಕಣ್ಮಣಿ, ಮಾಜಿ ವೃತ್ತಿಪರ ಆಟಗಾರ ಟೋನಿ ಗ್ವಿನ್. ಜನ ಬಂದದ್ದು ಹೊಸ ಮೈದಾನದ ಮೊದಲ ಪಂದ್ಯ ನೋಡಲಿಕ್ಕೂ ಹೌದು. ಇಂಥ ದಿನವನ್ನು ಲೆಕ್ಕದಿಂದ ಪಕ್ಕಕ್ಕಿಡದೆ ಮುಂದಿನ ವರ್ಷದ ಅಂದಾಜು ಮಾಡಿದರೆ ಅದು ಖಂಡಿತ ತಪ್ಪುತ್ತದೆ.

ತುಂಬಿದ ಸ್ಟೇಡಿಯಂ ಹೇಳದ ವಿಷಯ

ಸೀಟೆಲ್ಲ ಮಾರಾಟವಾದ ದಿನ ಬೇಡಿಕೆ ನಿಜವಾಗಿ ಎಷ್ಟಿತ್ತು ಎನ್ನುವುದು ಕಾಣುವುದಿಲ್ಲ. 5,000 ಸೀಟಿನ ಮೈದಾನ ತುಂಬಿದರೆ, ಹೊರಗೆ 200 ಜನ ಕಾದಿದ್ದರೋ 8,000 ಜನ ಕಾದಿದ್ದರೋ, ದಾಖಲೆಯಲ್ಲಿ ಎರಡೂ ಒಂದೇ. ಸಾಮಾನ್ಯ ಲೆಕ್ಕದ ಸೂತ್ರಗಳಿಗೆ ಇದು ತಿಳಿಯದು. ಅವು ‘ಜನ ಇಷ್ಟೇ’ ಎಂದುಕೊಂಡುಬಿಡುತ್ತವೆ.

ಟೆನ್ನೆಸ್ಸಿ ವಿಶ್ವವಿದ್ಯಾಲಯದ ಲಿಂಡ್ಸೆ ನೆಲ್ಸನ್ ಸ್ಟೇಡಿಯಂ ಇದೇ ಬಗೆಯ ಕಷ್ಟ ಕೊಡುತ್ತದೆ. ತಂಡ ಬಲವಾಗುತ್ತಾ ಹೋದಂತೆ ಸೀಟು ಸಾಲದಾಯಿತು, ಹಂತಹಂತವಾಗಿ ಸ್ಟೇಡಿಯಂ ದೊಡ್ಡದು ಮಾಡುವ ಕೆಲಸ ಕೈಗೆತ್ತಿಕೊಂಡರು. ಹೀಗೆ ಸೀಟು ಹೆಚ್ಚಿದ ವರ್ಷ ಹಳೆಯ ಸರಾಸರಿಯನ್ನು ನಂಬುವಂತಿಲ್ಲ. ಕಾಯುವವರ ಪಟ್ಟಿ ಎಷ್ಟು ಉದ್ದವಿದೆ, ಮರುಮಾರಾಟದಲ್ಲಿ ಟಿಕೆಟ್ ಬೆಲೆ ಎಷ್ಟಿದೆ ಎಂದು ನೋಡಬೇಕು. ಮರುಮಾರಾಟದ ಬೆಲೆ ಮುಖಬೆಲೆಗಿಂತ ತುಂಬಾ ಮೇಲಿದ್ದರೆ ಹೊಸ ಸೀಟೂ ತುಂಬುತ್ತವೆ. ಕೆಳಗಿದ್ದರೆ ಟಿಕೆಟ್ ಮಾರಾಟವಾಗಿದ್ದರೂ ಸೀಟು ಖಾಲಿ ಇರುತ್ತವೆ ಎಂದರ್ಥ. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇನ್ನೊಂದಿಲ್ಲ ಎನ್ನಬಹುದು.

ಯಾವ ಸಂಖ್ಯೆ ಹೇಳಬೇಕು: ವಾದ-ಪ್ರತಿವಾದ

ಮಾರಾಟದ ಲೆಕ್ಕ ಹೇಳುವುದೇ ಸರಿ ಎನ್ನುವವರ ವಾದದಲ್ಲಿ ತಿರುಳಿದೆ. ಟಿಕೆಟ್ ಎಣಿಕೆಯಲ್ಲಿ ತಪ್ಪಾಗುವ ಸಾಧ್ಯತೆ ಕಡಿಮೆ. ಮಳೆ ಬಂತು, ಚಳಿ ಇತ್ತು ಎಂಬ ಕಾರಣಕ್ಕೆ ತಂಡದ ಜನಪ್ರಿಯತೆ ಕುಸಿದಂತೆ ತೋರುವುದಿಲ್ಲ. ವೃತ್ತಿಪರ ಮೇಜರ್ ಲೀಗ್ ಬೇಸ್‌ಬಾಲ್ ಕೂಡ ಮಾರಾಟವಾದ ಟಿಕೆಟ್ಟನ್ನೇ ಪ್ರೇಕ್ಷಕರ ಸಂಖ್ಯೆ ಎಂದು ಪ್ರಕಟಿಸುತ್ತದೆ.

ಗೇಟಿನ ಲೆಕ್ಕ ಬೇಕು ಎನ್ನುವವರದು ಬೇರೆ ಚಿಂತೆ. ಎಷ್ಟು ಹಾಟ್ ಡಾಗ್ ತರಿಸಬೇಕು, ಎಷ್ಟು ಪೊಲೀಸರನ್ನು ನಿಲ್ಲಿಸಬೇಕು, ಪಾರ್ಕಿಂಗ್ ಎಷ್ಟು ಬೇಕು, ಆಂಬುಲೆನ್ಸ್ ಎಲ್ಲಿರಬೇಕು ಎಂಬುದೆಲ್ಲ ಬರುವ ಜನರನ್ನು ನೋಡಿ ತೀರ್ಮಾನವಾಗಬೇಕು. ಊರಿನ ಹೋಟೆಲಿನವರಿಗೆ ಮಾರಾಟವಾದ ಟಿಕೆಟ್‌ನಿಂದ ಏನೂ ಸಿಗುವುದಿಲ್ಲ. ಬಂದು ಉಳಿದವರಿಂದ ಸಿಗುತ್ತದೆ. ಮೈದಾನದಲ್ಲಿ ಕೆಲಸ ಮಾಡುವ ತಾತ್ಕಾಲಿಕ ನೌಕರರ ದಿನಗೂಲಿಯೂ ಇದನ್ನೇ ಅವಲಂಬಿಸಿದೆ.

ಎರಡೂ ಸಂಖ್ಯೆಗಳನ್ನು ಪ್ರತಿ ಪಂದ್ಯಕ್ಕೂ ಪ್ರಕಟಿಸಬೇಕು. ಸ್ಕ್ಯಾನರ್ ಇರುವ ಕಡೆ ಗೇಟಿನ ಸಂಖ್ಯೆ ತಯಾರಾಗಿಯೇ ಇರುತ್ತದೆ, ಹೆಚ್ಚುವರಿ ಖರ್ಚು ಏನೂ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ವಿಷಯದಲ್ಲಂತೂ ಇದು ಜನರಿಗೆ ತಿಳಿಯಬೇಕಾದ ಮಾಹಿತಿ. ಎಲ್‌ಎಸ್‌ಯು, ಮಿಸಿಸಿಪ್ಪಿ ಸ್ಟೇಟ್, ಟೆನ್ನೆಸ್ಸಿ ಮೂರೂ ಅಂಥವೇ.

ಈಗ ದುಡ್ಡಿನ ಒತ್ತಡ

2025ರ ಜೂನ್ 6ರಂದು ಆಟಗಾರರು ಕಾಲೇಜು ಕ್ರೀಡಾ ಸಂಸ್ಥೆಯ ವಿರುದ್ಧ ಹೂಡಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ಅಮೆರಿಕದ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅದರಂತೆ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. 2025-26ರ ಮಿತಿ ಪ್ರತಿ ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಬೇಸ್‌ಬಾಲ್‌ನಲ್ಲಿ ಹಿಂದೆ ಒಂದು ತಂಡಕ್ಕೆ 11.7 ವಿದ್ಯಾರ್ಥಿವೇತನದ ಮಿತಿ ಇತ್ತು. ಅದು ಹೋಗಿ, ತಂಡದಲ್ಲಿ 34 ಆಟಗಾರರು ಎಂಬ ಮಿತಿ ಬಂತು. ಬೇಕಿದ್ದರೆ ಅಷ್ಟೂ ಜನಕ್ಕೆ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದು.

ಹಂಚುವ ಹಣದಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೂ ಪುರುಷರ ಬ್ಯಾಸ್ಕೆಟ್‌ಬಾಲ್‌ಗೂ ಹೋಗುತ್ತದೆ. ಹಾಗಾಗಿ ಬೇಸ್‌ಬಾಲ್ ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂಬ ಒತ್ತಡ ಹೆಚ್ಚುತ್ತದೆ. ಟಿಕೆಟ್ ದರ, ಸೀಟಿಗೆ ಕಟ್ಟುವ ದೇಣಿಗೆ ಎರಡೂ ಏರುವ ಸಾಧ್ಯತೆ ಇದೆ. ಏರಿದರೆ ಮೊದಲು ಹೊರಬೀಳುವವರು ಹಳೆಯ, ಮಧ್ಯಮ ವರ್ಗದ ಅಭಿಮಾನಿಗಳು. ಚಳಿಯ ಮಂಗಳವಾರವೂ ತಪ್ಪದೆ ಬರುವವರು ಅವರೇ ಅಲ್ವಾ? ಅವರ ಜಾಗಕ್ಕೆ ದುಬಾರಿ ಸೀಟು ಕೊಂಡು ದೊಡ್ಡ ಪಂದ್ಯಕ್ಕೆ ಮಾತ್ರ ಬರುವವರು ಬಂದರೆ ಮಾರಾಟದ ಲೆಕ್ಕ ಕದಲುವುದಿಲ್ಲ, ಆದಾಯ ಏರುತ್ತದೆ, ಗೇಟಿನ ಲೆಕ್ಕ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಪ್ರಕಟವಾಗುವುದು ಮಾರಾಟದ ಲೆಕ್ಕ ಒಂದೇ ಆದರೆ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಊರಿನ ಆಟವೊಂದು ಊರಿನವರ ಕೈತಪ್ಪುತ್ತಿದ್ದರೆ ಅದು ಸಣ್ಣ ಸಂಗತಿಯಲ್ಲ.

ಅಂದಾಜು ಹೇಳುವಾಗ, ತಿದ್ದುವಾಗ

ಸೀಸನ್ ಶುರುವಾಗುವ ಮುಂಚೆ ಒಂದೇ ಸಂಖ್ಯೆ ಹೇಳಬೇಕೆಂದರೆ ಹಿಂದಿನ ವರ್ಷದ ಸರಾಸರಿಯಿಂದ ಶುರು ಮಾಡುವುದು ಉತ್ತಮ. ಅದಕ್ಕೆ ಸೀಸನ್ ಟಿಕೆಟ್‌ಗಳಲ್ಲಿ ಆದ ಏರಿಳಿತ ಸೇರಿಸಿ. ಆಮೇಲೆ ಮೂರು ಬಗೆಯ ಪಂದ್ಯಗಳನ್ನು ಬೇರೆಬೇರೆಯಾಗಿ ಲೆಕ್ಕ ಹಾಕಿ ಕೂಡಿ. ಟೂರ್ನಿಯ ಪಂದ್ಯ ತವರಿನಲ್ಲಿ ನಡೆಯಬಹುದೆಂಬ ಆಸೆಯನ್ನು ಇದರಲ್ಲಿ ಸೇರಿಸಬೇಡಿ. ಮೊದಲ ಸುತ್ತಿನ ಆತಿಥ್ಯ ಸಿಗುವುದು 16 ತಂಡಗಳಿಗೆ ಮಾತ್ರ, ಅದಕ್ಕೆ ಟಿಕೆಟ್ಟೂ ಬೇರೆ.

ಕೋಚ್ ಬದಲಾದ ತಂಡಕ್ಕೆ ಸ್ವಲ್ಪ ಹೆಚ್ಚು ಅಂತರ ಬಿಟ್ಟು ಅಂದಾಜು ಹೇಳಬೇಕು. ಮಿಸಿಸಿಪ್ಪಿ ಸ್ಟೇಟ್ 2025ರ ಸೀಸನ್ ನಡುವೆಯೇ ಕೋಚ್‌ರನ್ನು ತೆಗೆದು, ಜೂನ್‌ನಲ್ಲಿ ವರ್ಜೀನಿಯಾದಿಂದ ಬ್ರಯನ್ ಓಕಾನರ್‌ರನ್ನು ಕರೆತಂದಿತು. ವರ್ಜೀನಿಯಾಗೆ 2015ರಲ್ಲಿ ಪ್ರಶಸ್ತಿ ತಂದುಕೊಟ್ಟವರು ಅವರು. ಅಂಥ ಹೆಸರು ಬಂದಾಗ ಟಿಕೆಟ್ ಮಾರಾಟ ಒಂದೂ ಪಂದ್ಯ ಆಡದೆಯೇ ಚುರುಕಾಗುವುದು ಸಹಜ. ಆದರೆ ಮಂಗಳವಾರದ ಗೇಟಿಗೆ ಅದು ಎಷ್ಟು ಜನರನ್ನು ತರುತ್ತದೆ ಎಂದು ಮೊದಲೇ ಹೇಳಲು ಹಳೆಯ ಲೆಕ್ಕ ಸಹಾಯಕ್ಕೆ ಬರುವುದಿಲ್ಲ. ಕೂಟದ ಮೊದಲ ಎರಡು ತವರು ವಾರಾಂತ್ಯ ಮುಗಿಯುವ ತನಕ ಕಾದು, ಶುಕ್ರವಾರಕ್ಕೂ ಮಂಗಳವಾರಕ್ಕೂ ಬೇರೆಬೇರೆಯಾಗಿ ಸಂಖ್ಯೆ ತಿದ್ದಬೇಕು. ಅಷ್ಟು ಹೊತ್ತಿಗೆ ಮಾರ್ಚ್ ಮುಗಿಯುತ್ತಾ ಬಂದಿರುತ್ತದೆ, ದೊಡ್ಡ ಜನ ಸೇರುವ ಏಪ್ರಿಲ್ ಇನ್ನೂ ಮುಂದಿರುತ್ತದೆ.